ಓಟ್ಸ್ ಕುಕೀಸ್: ಹರಡಿದ್ದೇಕೆ, ಕಲ್ಲಾಗಿದ್ದೇಕೆ?

ಪ್ರಶ್ನೆ: ಚಿಕ್ಕಂದಿನಲ್ಲಿ ಕೆಲವು ವರ್ಷ ಅಮೆರಿಕದಲ್ಲಿದ್ದೆವು. ಅಲ್ಲಿ ಪಕ್ಕದ ಮನೆಯವರು ಕೊಡುತ್ತಿದ್ದ ಓಟ್ಸ್ ಕುಕೀಸ್‌ಗೆ ಅಂಚು ಗರಿಗರಿ, ನಡುಭಾಗ ಮೆತ್ತಗೆ. ಓಟ್ಸ್ ಹಲ್ಲಿಗೆ ಸಿಗುತ್ತಿತ್ತು. ನಾನು ಮಾಡಿದರೆ ಒಮ್ಮೆ ಕೇಕಿನಂತೆ ಉಬ್ಬುತ್ತದೆ, ಇನ್ನೊಮ್ಮೆ ಹರಡಿ ಹಪ್ಪಳವಾಗುತ್ತದೆ. ಅಳತೆ ಸಮೇತ ತಿಳಿಸುವಿರಾ? (ಮೈಸೂರು)

ಉತ್ತರ: ನಿಮ್ಮ ಎರಡು ತೊಂದರೆಗಳಿಗೂ ಕಾರಣ ಬೇರೆ ಬೇರೆ. ಕೇಕಿನಂತಾಗುವುದು ಸಾಮಾನ್ಯವಾಗಿ ಓಟ್ಸ್‌ನಿಂದ, ಹರಡುವುದು ಬೆಣ್ಣೆಯಿಂದ.

ಓಟ್ಸ್ ಎಂದರೆ ಒಂದೇ ಪದಾರ್ಥವಲ್ಲ. ಕಾಳನ್ನು ಹಬೆಯಲ್ಲಿ ಬೇಯಿಸಿ ರೋಲರಿನಡಿ ಚಪ್ಪಟೆ ಮಾಡಿದ್ದು ರೋಲ್ಡ್ ಓಟ್ಸ್. ನಮ್ಮ ಗಟ್ಟಿ ಅವಲಕ್ಕಿಯ ದಾಯಾದಿ ಎನ್ನಿ. ಅದನ್ನೇ ಇನ್ನಷ್ಟು ತೆಳ್ಳಗೆ, ಚೂರಾಗಿ ಮಾಡಿದ್ದು ಕ್ವಿಕ್ ಓಟ್ಸ್. ಇದು ಪೇಪರ್ ಅವಲಕ್ಕಿಯಂತೆ ಪಸೆ ತಾಗಿದೊಡನೆ ಕರಗಿ ಹಿಟ್ಟಿನೊಳಗೆ ಸೇರಿಹೋಗುತ್ತದೆ. ನಮ್ಮ ಅಂಗಡಿಗಳಲ್ಲಿ 'ಮೂರು ನಿಮಿಷದಲ್ಲಿ ಸಿದ್ಧ' ಎಂದು ಸಿಗುವುದು ಬಹುತೇಕ ಇದೇ. ಅದರಲ್ಲಿ ಮಾಡಿದರೆ ಕುಕಿ ಮೆತ್ತನೆಯ ಕೇಕಾಗುವುದು ಸಹಜ. ಸ್ಟೀಲ್ ಕಟ್ ಓಟ್ಸ್ ಅಕ್ಕಿ ನುಚ್ಚಿನಂಥದ್ದು. ಹತ್ತು ನಿಮಿಷದ ಒವನ್ ಶಾಖಕ್ಕೆ ಬೇಯದೆ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ನಿಮಗೆ ಬೇಕಾದ ಒರಟುತನ ಬರುವುದು ರೋಲ್ಡ್ ಓಟ್ಸ್‌ನಿಂದ ಮಾತ್ರ. ಮಸಾಲೆ ಓಟ್ಸ್ ಹಾಕಿ ಉಪ್ಪು-ಈರುಳ್ಳಿಯ ಕುಕಿ ತಿಂದವರೂ ಇದ್ದಾರೆ, ಪೊಟ್ಟಣ ನೋಡಿ ಕೊಳ್ಳಿ.

ಸುಮಾರು 19 ಕುಕೀಸ್‌ಗೆ ಅಳತೆ ಹೀಗಿದೆ: ಬೆಣ್ಣೆ 100 ಗ್ರಾಂ, ಕಂದು ಸಕ್ಕರೆ 80 ಗ್ರಾಂ, ಬಿಳಿ ಸಕ್ಕರೆ 50 ಗ್ರಾಂ, ಮೊಟ್ಟೆ 1, ವೆನಿಲ್ಲಾ ಅರ್ಧ ಟೀ ಚಮಚ, ಮೈದಾ 95 ಗ್ರಾಂ, ಅಡುಗೆ ಸೋಡ ಅರ್ಧ ಟೀ ಚಮಚ, ಚಕ್ಕೆ ಪುಡಿ ಅರ್ಧ ಟೀ ಚಮಚ, ರೋಲ್ಡ್ ಓಟ್ಸ್ 130 ಗ್ರಾಂ, ಒಣದ್ರಾಕ್ಷಿ 75 ಗ್ರಾಂ. ಉಪ್ಪಿಲ್ಲದ ಬೆಣ್ಣೆಯಾದರೆ ಕಾಲು ಟೀ ಚಮಚ ಉಪ್ಪು. ಅಂಗಡಿಯ ಹಳದಿ ಟೇಬಲ್ ಬೆಣ್ಣೆಯಾದರೆ ಉಪ್ಪು ಬೇಡವೇ ಬೇಡ. ಟೀ ಚಮಚ ಎಂದರೆ 5 ಮಿ.ಲೀ. ಅಳತೆಯದು, ತಲೆ ತಟ್ಟಿ ಸಮ ಮಾಡಿ. ಸೋಡ ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ, ಬಣ್ಣವೂ ಕಪ್ಪಾಗುತ್ತದೆ.

ಓಟ್ಸನ್ನು ಮೊದಲು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಘಮ ಬರುವವರೆಗೆ ಹುರಿದು ಪೂರ್ತಿ ಆರಿಸಿ. ಹಳೆಯ ಕಾಲದ ಕುಕಿಯ ಪರಿಮಳದ ಅರ್ಧಭಾಗ ಈ ಹುರಿಯುವುದರಲ್ಲೇ ಇದೆ. ಬೆಣ್ಣೆ ಬೆರಳೊತ್ತಿದರೆ ಗುಳಿ ಬೀಳುವಷ್ಟು ಮೆದುವಾಗಿರಬೇಕು, ಹೊಳೆಯುವಷ್ಟು ಕರಗಿರಬಾರದು. ಎರಡೂ ಸಕ್ಕರೆ ಸೇರಿಸಿ ಎರಡು ನಿಮಿಷ ಮಾತ್ರ ನಾದಿ. ಕೇಕಿಗೆ ಮಾಡುವಂತೆ ಹತ್ತು ನಿಮಿಷ ಬೀಟರ್ ಓಡಿಸಿದರೆ ಗಾಳಿ ತುಂಬಿ, ಉಬ್ಬಿ ಕುಸಿಯುತ್ತದೆ. ಮೊಟ್ಟೆ, ವೆನಿಲ್ಲಾ ಹಾಕಿ ಕಲಸಿ. ಮೈದಾ, ಸೋಡ, ಚಕ್ಕೆ ಪುಡಿ ಜರಡಿ ಹಿಡಿದು ಸೇರಿಸಿ. ಬಿಳಿ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ ಓಟ್ಸ್, ದ್ರಾಕ್ಷಿ ಬೆರೆಸಿ.

ಆಮೇಲಿನದು ಹೆಚ್ಚಿನವರು ಬಿಟ್ಟುಬಿಡುವ ಹಂತ. ಮಿಶ್ರಣವನ್ನು ಮುಚ್ಚಿ ಫ್ರಿಜ್ಜಿನಲ್ಲಿ 45 ನಿಮಿಷ ಇಡಿ. ಮೊಟ್ಟೆ ಮತ್ತು ಬೆಣ್ಣೆಯ ನೀರಿನಂಶವನ್ನು ಓಟ್ಸ್ ಹೀರಿಕೊಳ್ಳುತ್ತದೆ, ಬೆಣ್ಣೆ ಮತ್ತೆ ಗಟ್ಟಿಯಾಗುತ್ತದೆ. ಹೀಗೆ ಮಾಡದಿದ್ದರೆ ಹಿಟ್ಟು ಬೆಂದು ಆಕಾರ ನಿಲ್ಲುವ ಮೊದಲೇ ಬೆಣ್ಣೆ ಕರಗಿ ಹರಿದುಹೋಗುತ್ತದೆ. ಹಪ್ಪಳವಾಗುವುದು ಹೀಗೆ. ಬೇಸಿಗೆಯಲ್ಲಿ ಒಂದು ಗಂಟೆ ಇಟ್ಟರೂ ನಷ್ಟವಿಲ್ಲ.

ನಂತರ 30 ಗ್ರಾಂ ತೂಕದ, ಅಂದರೆ ದೊಡ್ಡ ನಿಂಬೆಹಣ್ಣಿಗಿಂತ ಚಿಕ್ಕ ಉಂಡೆಗಳನ್ನು ಎರಡಿಂಚು ಅಂತರದಲ್ಲಿಟ್ಟು ಸ್ವಲ್ಪವೇ ಒತ್ತಿ. ಅಂಗೈಯಲ್ಲಿ ಉರುಟಿ ನಯ ಮಾಡಬೇಡಿ, ಒರಟಾಗಿಯೇ ಇರಲಿ. 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 12 ನಿಮಿಷ. ಅಂಚು ಹೊಂಬಣ್ಣಕ್ಕೆ ತಿರುಗಿ, ನಡುಭಾಗ ಇನ್ನೂ ಹಸಿಯೆಂದು ಕಂಡಾಗಲೇ ಹೊರತೆಗೆಯಿರಿ. ಬಿಸಿ ತಟ್ಟೆಯ ಮೇಲೆ ಐದು ನಿಮಿಷದಲ್ಲಿ ಅದು ತಾನಾಗಿ ಬೇಯುತ್ತದೆ. ನಡುಭಾಗವೂ ಗಟ್ಟಿಯಾಗಲಿ ಎಂದು ಕಾದರೆ ಆರಿದ ಮೇಲೆ ಕಲ್ಲು.

ಪ್ರಶ್ನೆ: ಕಂದು ಸಕ್ಕರೆ ಬದಲು ಬೆಲ್ಲ, ಅಂಗಡಿ ಬೆಣ್ಣೆ ಬದಲು ಮನೆಯ ಬೆಣ್ಣೆ ಅಥವಾ ತುಪ್ಪ ಹಾಕಬಹುದೇ? (ದಾವಣಗೆರೆ)

ಉತ್ತರ: ಬೆಲ್ಲದ ಪುಡಿ ಅಷ್ಟೇ ತೂಕ ಹಾಕಬಹುದು, ಜರಡಿ ಹಿಡಿದೇ ಹಾಕಿ. ಗಂಟು ಉಳಿದ ಕಡೆ ಕರಗಿ ಕುಕಿಯಲ್ಲಿ ತೂತು ಬೀಳುತ್ತದೆ. ಬೆಲ್ಲ ಬೇಗ ಕಪ್ಪಾಗುವುದರಿಂದ ಶಾಖ 165ಕ್ಕೆ ಇಳಿಸಿ, ಒಂದೆರಡು ನಿಮಿಷ ಹೆಚ್ಚಿಗೆ ಬಿಡಿ. ಬಿಳಿ ಸಕ್ಕರೆಯನ್ನು ಮಾತ್ರ ತೆಗೆಯಬೇಡಿ, ಅಂಚಿನ ಗರಿಗರಿ ಅದರಿಂದಲೇ.

ಕಡೆದು ತೆಗೆದ ಮನೆಯ ಬೆಣ್ಣೆಯಲ್ಲಿ ಮಜ್ಜಿಗೆ ಬಹಳ ಉಳಿದಿರುತ್ತದೆ. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು ಹಿಂಡಿ ಬಳಸಿ, ಇಲ್ಲವಾದರೆ ಹುಳಿವಾಸನೆ, ಜೊತೆಗೆ ಹರಡುವಿಕೆ. ತುಪ್ಪ ಬೇಡ. ಅದರಲ್ಲಿ ನೀರಿನಂಶ ಇಲ್ಲವೆಂದೇ ಹೇಳಬಹುದು, ಓಟ್ಸ್ ನೆನೆಯುವುದಿಲ್ಲ. ಸಿಗುವುದು ನಾನ್‌ಖಟಾಯಿಯಂತೆ ಪುಡಿಯಾಗುವ ಬಿಸ್ಕತ್ತು. ಅದೂ ರುಚಿಯೇ, ಆದರೆ ಅದು ಬೇರೆ ತಿಂಡಿ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ಬೆಳೆದ ಮೊಮ್ಮಗಳು ರಜೆಗೆ ಬರುತ್ತಿದ್ದಾಳೆ. ಶಾಲೆಯಲ್ಲಿ ಕೊಡುತ್ತಿದ್ದ ಆಂಜ್ಯಾಕ್ ಬಿಸ್ಕತ್ತು ಅವಳಿಗೆ ಇಷ್ಟ. ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಅದಕ್ಕೆ ಹಾಕುವ ಗೋಲ್ಡನ್ ಸಿರಪ್ (ಸಕ್ಕರೆಯ ದಪ್ಪ ಪಾಕ) ಇಲ್ಲಿ ಸಿಗುವುದಿಲ್ಲ. ಜೋನಿ ಬೆಲ್ಲ ಆದೀತೇ? (ಶಿರಸಿ)

ಉತ್ತರ: ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆಂಜ್ಯಾಕ್ ಬಿಸ್ಕತ್ತಿಗೆ ಮೊಟ್ಟೆ ಮೂಲದಲ್ಲೇ ಇಲ್ಲ, ಆದ್ದರಿಂದ ನೀವು ಏನನ್ನೂ ಬದಲಿಸಬೇಕಿಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇನಾ ತುಕಡಿಯ ಹೆಸರಿನ ಮೊದಲಕ್ಷರಗಳಿಂದ ಬಂದ ಹೆಸರು ಅದು. ಮೊದಲ ಮಹಾಯುದ್ಧದಲ್ಲಿ ಆ ತುಕಡಿ ಟರ್ಕಿಯ ಗಲಿಪೊಲಿಯಲ್ಲಿ ಇಳಿದ 1915ರ ಏಪ್ರಿಲ್ 25ರ ನೆನಪಿನ ದಿನಕ್ಕೆ ಅಲ್ಲಿ ಮನೆಮನೆಯಲ್ಲೂ, ಶಾಲೆಗಳಲ್ಲೂ ಇದನ್ನು ಮಾಡುತ್ತಾರೆ. ಆಂಜ್ಯಾಕ್ ಎಂಬ ಪದಕ್ಕೆ ಆಸ್ಟ್ರೇಲಿಯಾದಲ್ಲಿ ಕಾನೂನಿನ ರಕ್ಷಣೆಯಿದೆ; ಮಾರುವವರು ಪಾಕ ಹೆಚ್ಚು ಬದಲಿಸುವಂತಿಲ್ಲ, 'ಬಿಸ್ಕತ್ತು' ಎನ್ನಬೇಕೇ ಹೊರತು 'ಕುಕಿ' ಎನ್ನುವಂತಿಲ್ಲ. ಜೋನಿ ಬೆಲ್ಲದ್ದನ್ನು ಮನೆಯಲ್ಲಿ ಏನೆಂದು ಕರೆದರೂ ಕೇಳುವವರಿಲ್ಲ.

ರೋಲ್ಡ್ ಓಟ್ಸ್ 90 ಗ್ರಾಂ, ಮೈದಾ 125 ಗ್ರಾಂ, ಒಣ ಕೊಬ್ಬರಿ ತುರಿ 80 ಗ್ರಾಂ, ಸಕ್ಕರೆ 130 ಗ್ರಾಂ ಬೆರೆಸಿಡಿ. ಹಸಿ ಕಾಯಿತುರಿ ಹಾಕಬೇಡಿ, ಅದರ ನೀರಿಗೆ ಬಿಸ್ಕತ್ತು ಎರಡನೇ ದಿನಕ್ಕೇ ಮೆತ್ತಗಾಗುತ್ತದೆ. ಬೆಣ್ಣೆ 125 ಗ್ರಾಂ ಮತ್ತು ಜೋನಿ ಬೆಲ್ಲ 2 ದೊಡ್ಡ ಚಮಚ ಸಣ್ಣ ಉರಿಯಲ್ಲಿ ಕರಗಿಸಿ. ಮುಕ್ಕಾಲು ಟೀ ಚಮಚ ಅಡುಗೆ ಸೋಡವನ್ನು ಕುದಿಯುವ ನೀರಿನಲ್ಲಿ ಕದಡಿ ಬೆಣ್ಣೆಗೆ ಸುರಿಯಿರಿ. ಭರ್ರನೆ ನೊರೆಯೇಳುತ್ತದೆ, ಪಾತ್ರೆ ದೊಡ್ಡದಿರಲಿ. ಮೂಲ ಪಾಕದಲ್ಲಿ ನೀರು 2 ದೊಡ್ಡ ಚಮಚ. ಜೋನಿ ಬೆಲ್ಲ ಸಿರಪ್ಪಿಗಿಂತ ತೆಳುವಾದ್ದರಿಂದ 1 ಚಮಚಕ್ಕೆ ನಿಲ್ಲಿಸಿ. ನೊರೆಯಿದ್ದಂತೆಯೇ ಒಣ ಮಿಶ್ರಣಕ್ಕೆ ಹಾಕಿ ಕಲಸಿ. ಉಂಡೆ ಕಟ್ಟಲು ಬಾರದಷ್ಟು ಉದುರಾಗಿದ್ದರೆ ಮಾತ್ರ ಅರ್ಧರ್ಧ ಚಮಚ ನೀರು ಸೇರಿಸುತ್ತಾ ಹೋಗಿ. 160 ಡಿಗ್ರಿಯಲ್ಲಿ 12 ನಿಮಿಷಕ್ಕೆ ಅಗಿಯುವ ಹದ, 16ಕ್ಕೆ ಗರಿಗರಿ. ಮೊಮ್ಮಗಳಿಗೆ ಯಾವುದು ಇಷ್ಟವೆಂದು ಮೊದಲೇ ಕೇಳಿಕೊಳ್ಳಿ, ಆ ದೇಶದಲ್ಲೂ ಈ ವಿಷಯಕ್ಕೆ ಎರಡು ಪಂಗಡ.

(ಮೊದಲಿನ ಅಮೆರಿಕದ ಪಾಕದಲ್ಲೇ ಮೊಟ್ಟೆ ಬಿಡಬೇಕೆನ್ನುವವರು 1 ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು 3 ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಿ. ಮೊಸರು ಹಾಕಿದರೆ ಮತ್ತೆ ಕೇಕೇ.)

ಪ್ರಶ್ನೆ: ನಮ್ಮ ಓಟಿಜಿಯಲ್ಲಿ (ಮನೆಬಳಕೆಯ ಚಿಕ್ಕ ವಿದ್ಯುತ್ ಒವನ್) ತಳ ಕರಕಲು, ಮೇಲೆ ಬಿಳಿಚು. (ಹುಬ್ಬಳ್ಳಿ)

ಉತ್ತರ: ಕಪ್ಪು ತಟ್ಟೆ ಬಳಸುತ್ತಿದ್ದೀರಾ? ಅದು ಶಾಖವನ್ನು ಹೆಚ್ಚು ಹೀರುತ್ತದೆ. ತಿಳಿಬಣ್ಣದ ಅಲ್ಯುಮಿನಿಯಂ ತಟ್ಟೆಗೆ ಬದಲಿಸಿ, ನಡುವಿನ ಅಂತಸ್ತಿನಲ್ಲಿಡಿ. ಮೇಲಿನ, ಕೆಳಗಿನ ಎರಡೂ ಕಾಯಿಲ್ ಉರಿಯುವಂತೆ ಗುಂಡಿ ತಿರುಗಿಸಿ 15 ನಿಮಿಷ ಮೊದಲೇ ಕಾಯಿಸಿಡಿ. ಕಾಯುವ ಹೊತ್ತಿನಲ್ಲಿ ಕಾಯಿಲ್ ಕೆಂಪಗೆ ಉರಿಯುತ್ತಲೇ ಇರುತ್ತದೆ. ಆಗಲೇ ತಟ್ಟೆ ಇಟ್ಟರೆ ತಳ ಸುಡದೆ ಇನ್ನೇನು? ಚಿಕ್ಕ ಓಟಿಜಿಗಳ ಗುಂಡಿ ತೋರಿಸುವ ಡಿಗ್ರಿಗೂ ಒಳಗಿನ ಶಾಖಕ್ಕೂ 20 ಡಿಗ್ರಿ ವ್ಯತ್ಯಾಸ ಇರುವುದು ಅಪರೂಪವಲ್ಲ. ಒಳಗಿಡುವ ಒವನ್ ಥರ್ಮಾಮೀಟರ್ ಒಂದು ಕೊಳ್ಳಿ. ಒಂದು ಸಲಕ್ಕೆ ಒಂದೇ ತಟ್ಟೆ. ಕೆಳಗೆ ಹಾಸುವುದು ಬೇಕಿಂಗ್ ಪೇಪರ್ ಆಗಿರಲಿ, ಮೇಣ ಹಚ್ಚಿದ ಕಾಗದ ಹೊಗೆಯಾಡುತ್ತದೆ.

ಪ್ರಶ್ನೆ: ಸಕ್ಕರೆ ಕಾಯಿಲೆಯವರು ಬೆಲ್ಲದ ಓಟ್ಸ್ ಕುಕಿ ಧಾರಾಳವಾಗಿ ತಿನ್ನಬಹುದಲ್ಲವೇ? (ತುಮಕೂರು)

ಉತ್ತರ: ಇಲ್ಲ. ಮೇಲಿನ ಅಳತೆಯಲ್ಲಿ ಒಂದು ಕುಕಿಗೆ ಸುಮಾರು 7 ಗ್ರಾಂ ಸಕ್ಕರೆ ಬೀಳುತ್ತದೆ. ಮೈದಾ, ದ್ರಾಕ್ಷಿ ಬೇರೆ. ಬೆಲ್ಲವೂ ಸಕ್ಕರೆಯೇ.

ಪ್ರಶ್ನೆ: ಮಳೆಗಾಲದಲ್ಲಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. (ಮಂಗಳೂರು)

ಉತ್ತರ: ಸಕ್ಕರೆ, ಬೆಲ್ಲ ಎರಡೂ ಗಾಳಿಯ ತೇವ ಎಳೆದುಕೊಳ್ಳುತ್ತವೆ, ಬೆಲ್ಲ ಇನ್ನೂ ಹೆಚ್ಚು. ಜಾಲರಿಯ ಮೇಲೆ ಪೂರ್ತಿ ಆರಿಸಿದ ಮೇಲೆಯೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ. ಬಿಸಿಯಿದ್ದಾಗ ಮುಚ್ಚಿದರೆ ಅದರ ಹಬೆಗೇ ಅದು ನೆನೆಯುತ್ತದೆ. ಮೆತ್ತಗಾದದ್ದನ್ನು 150 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿ ಆರಿಸಿದರೆ ಅಂಚು ಮತ್ತೆ ಗರಿಯಾಗುತ್ತದೆ. ಕರಾವಳಿಯ ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆಯ ದಾರಿ, ಬೇಯಿಸದ ಉಂಡೆಗಳನ್ನೇ ಫ್ರೀಜರಿನಲ್ಲಿ ತಟ್ಟೆಯ ಮೇಲೆ ಗಟ್ಟಿ ಮಾಡಿ ಚೀಲಕ್ಕೆ ಹಾಕಿಡುವುದು. ಎರಡು ತಿಂಗಳು ಇರುತ್ತದೆ. ಬೇಕಾದಾಗ ನಾಲ್ಕೋ ಆರೋ ತೆಗೆದು, ಕರಗಲು ಬಿಡದೆ ಹಾಗೆಯೇ ಒವನ್ನಿಗಿಟ್ಟು ಎರಡು ನಿಮಿಷ ಹೆಚ್ಚು ಬೇಯಿಸಿ.