ಬಣ್ಣಭೇದದ ಮಾತು ಪ್ರಾರ್ಥನಾ ಕೂಟಕ್ಕೆ ಬೇಡವೇ?

ವಿರಾಜಪೇಟೆಯ ನಿಮ್ಮ ಯುವಜನರ ಕೂಟದಲ್ಲಿ ಅಮೆರಿಕದ ಬಣ್ಣಭೇದದ ವಿಷಯ ಎತ್ತಿದ್ದಕ್ಕೆ ಹಿರಿಯರು "ಅದು ರಾಜಕೀಯ, ಚರ್ಚಿಗೆ ಬೇಡ" ಅಂದರು, ಏನು ಮಾಡಲಿ ಅಂತ ಕೇಳಿದ್ದೀರಿ. ಖಂಡಿತ ಮಾತಾಡಿ. ಅದು ಚರ್ಚಿನ ಒಳಗಿನ ಕಥೆಯೇ. ಅಮೆರಿಕದ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರು 1845ರಲ್ಲಿ ಉಳಿದ ಬ್ಯಾಪ್ಟಿಸ್ಟರಿಂದ ಬೇರೆಯಾಗಿದ್ದೇ ಗುಲಾಮಗಿರಿಯ ಜಗಳದಿಂದ. ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ನೂರೈವತ್ತು ವರ್ಷ ಬೇಕಾಯಿತು! 1963ರಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಪತ್ರ ಬರೆದಿದ್ದೂ, ಚಳವಳಿಗೆ ಇದು ಸಮಯವಲ್ಲ ಅಂದ ಬಿಳಿಯ ಧರ್ಮಗುರುಗಳಿಗೇ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ. ದೂರದವರ ಪಾಪ ಎಣಿಸೋದು ಸುಲಭ, ಅಲ್ವಾ? ಬೈಬಲಿನ ಯಾಕೋಬನ ಪತ್ರದ 2ನೇ ಅಧ್ಯಾಯ ಜೋರಾಗಿ ಓದಿಸಿ. ಚಿನ್ನದ ಉಂಗುರ ಹಾಕಿದವನಿಗೆ ಒಳ್ಳೆಯ ಜಾಗ, ಕೊಳಕು ಬಟ್ಟೆಯ ಬಡವನಿಗೆ "ನೀನು ಅಲ್ಲಿ ನಿಂತ್ಕೋ". ಆಮೇಲೆ ನಮ್ಮನ್ನೇ ಕೇಳಿಕೊಳ್ಳೋಣ. ತೋಟದ ಲೈನ್ ಮನೆಯಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಬರುವವರು ಪೂಜೆಯಲ್ಲಿ ಎಲ್ಲಿ ಕೂರುತ್ತಾರೆ? ಕಾಫಿ ಕೊಯ್ಯುವ ಯರವ ಬುಡಕಟ್ಟಿನವರಿಗೆ ನಮ್ಮ ಮನೆಯಲ್ಲಿ ಯಾವ ಲೋಟದಲ್ಲಿ ಕಾಫಿ ಕೊಡುತ್ತೇವೆ? ಸಂಬಂಧ ನೋಡುವಾಗ ಜಾತಿ ಕೇಳಲ್ವಾ? ನನಗೆ ಇದೇ ಜಾಸ್ತಿ ಚುಚ್ಚುವ ಪ್ರಶ್ನೆ.

ಹಿರಿಯರನ್ನು ಬಿಟ್ಟು ಮಾಡಬೇಡಿ, ಜೊತೆಯಲ್ಲೇ ಕೂರಿಸಿಕೊಳ್ಳಿ. ಲೈನ್ ಮನೆಯ ಹುಡುಗ ಹುಡುಗಿಯರು ಮೊದಲು ಮಾತಾಡಲಿ. ಉಳಿದವರು ಮಧ್ಯೆ ಬಾಯಿ ಹಾಕದೆ ಕೇಳಲಿ.