ಪ್ರಶ್ನೋತ್ತರ: ಎಚ್-ಇಂಡೆಕ್ಸ್ ಐದೋ, ಒಂಬತ್ತೋ?

ಪ್ರಶ್ನೆ: ಕೋಲಾರದ ಮೆಡಿಕಲ್ ಕಾಲೇಜೊಂದರಲ್ಲಿ ಸಹಾಯಕ ಪ್ರಾಧ್ಯಾಪಕಿ. ನನ್ನ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ 9, ಸ್ಕೋಪಸ್‌ನಲ್ಲಿ 5. ಬಡ್ತಿ ಅರ್ಜಿಯಲ್ಲಿ ಯಾವುದನ್ನು ಬರೆಯಲಿ? ಎರಡು ಪ್ರಬಂಧಗಳಂತೂ ಸ್ಕೋಪಸ್‌ನ ನನ್ನ ಪುಟದಲ್ಲಿ ಕಾಣುವುದೇ ಇಲ್ಲ.

ಉತ್ತರ: ಎರಡೂ ಸುಳ್ಳಲ್ಲ. ಕನಿಷ್ಠ ಐದೈದು ಉಲ್ಲೇಖ ಪಡೆದ ಐದು ಪ್ರಬಂಧಗಳಿದ್ದರೆ ಎಚ್-ಇಂಡೆಕ್ಸ್ 5, ಒಂಬತ್ತೊಂಬತ್ತು ಪಡೆದ ಒಂಬತ್ತಿದ್ದರೆ 9. ಥೀಸಿಸ್, ಪ್ರಿಪ್ರಿಂಟ್ (ಪರಿಶೀಲನೆಗೆ ಮೊದಲೇ ಹಾಕಿದ ಪ್ರಬಂಧ), ಸಮ್ಮೇಳನದ ಸಾರಾಂಶ, ಹೀಗೆ ಎಲ್ಲಿ ನಿಮ್ಮ ಕೆಲಸ ಉಲ್ಲೇಖವಾದರೂ ಗೂಗಲ್ ಸ್ಕಾಲರ್ ಎಣಿಸಿಬಿಡುತ್ತದೆ. ಪ್ರಬಂಧಗಳ ದತ್ತಕೋಶವಾದ ಸ್ಕೋಪಸ್ ಎಣಿಸುವುದು ತಾನು ಆರಿಸಿಕೊಂಡ ಪ್ರಕಟಣೆಗಳೊಳಗಿನ ಉಲ್ಲೇಖ ಮಾತ್ರ. ಅರ್ಜಿಯಲ್ಲಿ ಯಾವುದೆಂದು ಹೇಳಿದ್ದರೆ ಅದನ್ನೇ ಬರೆಯಿರಿ. ಹೇಳಿಲ್ಲದಿದ್ದರೆ ಸ್ಕೋಪಸ್ ಸಂಖ್ಯೆ ಬರೆದು, ಪಕ್ಕದಲ್ಲಿ ಮೂಲವನ್ನೂ ನೋಡಿದ ದಿನಾಂಕವನ್ನೂ ಸೇರಿಸಿ.

ಕಾಣದ ಎರಡು ಪ್ರಬಂಧಗಳ ಗೊಂದಲಕ್ಕೆ ಬಹುಪಾಲು ಇನಿಷಿಯಲ್ಲೇ ಕಾರಣ. ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗುತ್ತವೆ. ಜರ್ನಲ್‌ನ ಫಾರಂ ಕೇಳುವುದು 'ಲಾಸ್ಟ್ ನೇಮ್'. ಕೆ.ಎನ್. ಮಂಜುಳ ಎನ್ನುವವರು ಒಮ್ಮೆ ಆ ಜಾಗದಲ್ಲಿ 'ಮಂಜುಳ' ಎಂದು ತುಂಬಿದರೆ ವೈದ್ಯಕೀಯ ಪ್ರಬಂಧಗಳ ಹುಡುಕುತಾಣ ಪಬ್‌ಮೆಡ್‌ನಲ್ಲಿ 'ಮಂಜುಳ ಕೆಎನ್' ಆಗುತ್ತಾರೆ. ಇನ್ನೊಮ್ಮೆ 'ಕೆಎನ್' ಎಂದು ತುಂಬಿದರೆ 'ಕೆಎನ್ ಎಂ'! ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡರೆ ಮೂರನೆಯವರು. ಸ್ಕೋಪಸ್ ಇವರನ್ನು ಬೇರೆಬೇರೆ ಜನವೆಂದು ತಿಳಿದು ಪ್ರತ್ಯೇಕ ಪುಟ ತೆರೆಯುತ್ತದೆ, ಉಲ್ಲೇಖಗಳೂ ಹಂಚಿಹೋಗುತ್ತವೆ.

ಸ್ಕೋಪಸ್‌ನ ಉಚಿತ ಲೇಖಕ ಹುಡುಕಾಟದಲ್ಲಿ ಹೆಸರನ್ನು ಎಲ್ಲ ರೂಪದಲ್ಲೂ ಹಾಕಿ ನೋಡಿ. ನಿಮ್ಮ ಪುಟಗಳು ಸಿಕ್ಕರೆ ಟಿಕ್ ಮಾಡಿ, ಅವನ್ನು ಒಂದುಗೂಡಿಸುವಂತೆ ಅಲ್ಲಿಂದಲೇ ಕೋರಿಕೆ ಕಳಿಸಿ. ಅದಕ್ಕೆ ಮೊದಲು ಒಂದೊಂದು ಪ್ರಬಂಧವನ್ನೂ ತೆರೆದು ನೋಡುವುದು ಒಳ್ಳೆಯದು, ಅದೇ ಹೆಸರಿನ ಇನ್ನೊಬ್ಬರದು ಒಳಗೆ ಸೇರಿರಬಹುದು. ಬದಲಾವಣೆ ಕೂಡಲೇ ಆಗುವುದಿಲ್ಲ, ಅರ್ಜಿಯ ಕಡೇ ದಿನದವರೆಗೆ ಕಾಯಬೇಡಿ. ಪ್ರಬಂಧ ಬಂದ ಜರ್ನಲ್ಲೇ ಸ್ಕೋಪಸ್‌ನಲ್ಲಿ ಇಲ್ಲದಿದ್ದರೆ ಯಾವ ಕೋರಿಕೆಯಿಂದಲೂ ಪ್ರಯೋಜನವಿಲ್ಲ. ಇನ್ನು ಮುಂದೆ ಒಂದೇ ಸ್ಪೆಲ್ಲಿಂಗ್ ಹಿಡಿಯಿರಿ, ಪ್ರತಿ ಸಲವೂ ಆರ್ಕಿಡ್ ಐಡಿ ಕೊಡಿ. 2012ರಲ್ಲಿ ಶುರುವಾದ ಈ 16 ಅಂಕಿಯ ಗುರುತು ಉಚಿತ. ಗೂಗಲ್ ಸ್ಕಾಲರ್‌ನಲ್ಲಿ ಹೊಸ ಪ್ರಬಂಧಗಳು ತಾವಾಗಿಯೇ ಸೇರುವ ಆಯ್ಕೆ ತೆಗೆದು, ಮೇಲ್‌ನಲ್ಲಿ ಕೇಳಿ ಸೇರಿಸುವ ಆಯ್ಕೆ ಇಟ್ಟುಕೊಳ್ಳಿ.

ಲೆಕ್ಕವನ್ನು ಕೈಯಲ್ಲೇ ಮಾಡಬಹುದು. ಏಳು ಪ್ರಬಂಧಗಳಿಗೆ 21, 14, 9, 6, 5, 3, 1 ಉಲ್ಲೇಖ ಎಂದುಕೊಳ್ಳಿ. ಐದನೆಯದಕ್ಕೆ 5 ಇದೆ, ಆರನೆಯದಕ್ಕೆ 6 ಇಲ್ಲ, ಎಚ್-ಇಂಡೆಕ್ಸ್ 5. ಹತ್ತು ಅಥವಾ ಹೆಚ್ಚು ಉಲ್ಲೇಖವಿರುವುದು ಎರಡು, ಹಾಗಾಗಿ ಐ10 ಇಂಡೆಕ್ಸ್ 2. ಐದನೆಯದರಲ್ಲಿ ಒಂದು ನಿಮ್ಮದೇ ಸ್ವಂತ ಉಲ್ಲೇಖವಾಗಿದ್ದು ಸಮಿತಿ ಅದನ್ನು ಕಳೆದರೆ ಎಚ್ 4ಕ್ಕೆ ಇಳಿಯುತ್ತದೆ. ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಕೊಟ್ಟ ಈ ಅಳತೆ ಅಂಚಿನಲ್ಲಿ ಇಷ್ಟು ನಾಜೂಕು.

ಪ್ರಶ್ನೆ: ಪಾವಗಡ ಭಾಗದ ಫ್ಲೋರೋಸಿಸ್ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. 'ಈ ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರ್ 6.873, ಐದು ದಿನದಲ್ಲಿ ಪ್ರಕಟಣೆ, ಶುಲ್ಕ 3,500 ರೂ.' ಎಂದು ಒಂದು ಜರ್ನಲ್‌ನಿಂದ ಮೇಲ್ ಬಂದಿದೆ. ಕಳಿಸಬಹುದೇ? – ತುಮಕೂರು

ಉತ್ತರ: ಬೇಡ. ಐದು ದಿನದಲ್ಲಿ ಪ್ರಾಮಾಣಿಕ ಪರಿಶೀಲನೆ ಆಗುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ ಜರ್ನಲ್‌ನ ಪ್ರಬಂಧಗಳಿಗೆ ಸರಾಸರಿ ಎಷ್ಟು ಉಲ್ಲೇಖ ಸಿಗುತ್ತದೆ ಎಂಬ ಅಂಕಿ, ಅದನ್ನು ಕೊಡುವುದು ಕ್ಲಾರಿವೇಟ್ ಸಂಸ್ಥೆ. 2023ರಿಂದ ಅವರು ದಶಮಾಂಶದ ನಂತರ ಒಂದೇ ಅಂಕಿ ಬರೆಯುತ್ತಾರೆ. ಮೂರು ಅಂಕಿ ಕಂಡಾಗಲೇ ಅನುಮಾನ ಬರಬೇಕು. ಶುಲ್ಕ ಕೇಳಿದ್ದೊಂದೇ ದೋಷವಲ್ಲ, ಯಾರಾದರೂ ಉಚಿತವಾಗಿ ಓದಬಹುದಾದ ಒಳ್ಳೆಯ ಮುಕ್ತ ಜರ್ನಲ್‌ಗಳೂ ಕೇಳುತ್ತವೆ.

ಜರ್ನಲ್‌ನ 8 ಅಂಕಿಯ ಐಎಸ್‌ಎಸ್‌ಎನ್ ಹಾಕಿ ಸ್ಕೋಪಸ್‌ನ ಜರ್ನಲ್ ಪಟ್ಟಿಯಲ್ಲಿ ಹುಡುಕಿ, ಯಾವ ವರ್ಷದವರೆಗೆ ಸೇರಿಸಿದ್ದಾರೆಂದು ನೋಡಿ. ಕೆಲವನ್ನು ನಡುವೆಯೇ ಕೈಬಿಟ್ಟಿರುತ್ತಾರೆ. ಒಳ್ಳೆಯ ಜರ್ನಲ್‌ನ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದ ನಕಲಿ ಜಾಲತಾಣಗಳೂ ಇವೆ. ಆದ್ದರಿಂದ ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ. 'ಪಬ್‌ಮೆಡ್‌ನಲ್ಲಿದೆ' ಎಂದರೆ ಸಾಲದು. ಜರ್ನಲ್ ಪಬ್‌ಮೆಡ್‌ನೊಳಗಿನ ಆಯ್ದ ಜರ್ನಲ್‌ಗಳ ಸಂಗ್ರಹವಾದ ಮೆಡ್‌ಲೈನ್‌ನಲ್ಲಿ ಸೇರಿದೆಯೇ ಎಂಬುದನ್ನು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಕ್ಯಾಟಲಾಗ್ ಹೇಳುತ್ತದೆ. ಮಾನ್ಯ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನಂತೂ ಯುಜಿಸಿ ಕೈಬಿಟ್ಟಾಗಿದೆ, 2025ರ ಫೆಬ್ರುವರಿಯಲ್ಲಿ ಪ್ರಕಟಣೆಯೂ ಬಂತು. ಅದರ ಹೆಸರು ಹೇಳಿ ಕರೆಯುವವರನ್ನು ನಂಬಬೇಡಿ.

ಪ್ರಶ್ನೆ: ಮಗಳು ಬಯೋಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಸೇರುತ್ತಾಳೆ. ಒಬ್ಬ ಗೈಡ್‌ನ ಎಚ್-ಇಂಡೆಕ್ಸ್ 38, ಇನ್ನೊಬ್ಬರದು 11. ಯಾರು ಮೇಲು? – ಶಿಡ್ಲಘಟ್ಟ

ಉತ್ತರ: ಇಷ್ಟರಿಂದಲೇ ಹೇಳಲಾಗದು. ಎಚ್-ಇಂಡೆಕ್ಸ್ ವಯಸ್ಸಾದಂತೆ ಏರುತ್ತದೆ, ಇಳಿಯುವುದು ಅಪರೂಪ. ನೂರಾರು ಲೇಖಕರಿರುವ ಅಂತಾರಾಷ್ಟ್ರೀಯ ವರದಿಗಳಲ್ಲಿ ಹೆಸರಿದ್ದರೂ ಉಬ್ಬುತ್ತದೆ. ಉಲ್ಲೇಖಗಳ ಸಂಖ್ಯೆಯೊಂದೇ ಹಿರಿಮೆಯ ಗುರುತಲ್ಲ: ಪ್ರೋಟೀನ್ ಅಳೆಯುವ ವಿಧಾನ ತಿಳಿಸಿದ ಲೌರಿಯವರ 1951ರ ಪ್ರಬಂಧಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಪ್ರಯೋಗಾಲಯದಲ್ಲಿ ದಿನನಿತ್ಯ ಬಳಸುವ ವಿಧಾನಕ್ಕೆ ಹಾಗೆ ಸೇರುತ್ತಾ ಹೋಗುತ್ತವೆ. ನೀವು ಇಬ್ಬರ ಕಳೆದ ಐದು ವರ್ಷದ ಪ್ರಬಂಧಗಳನ್ನು ತೆರೆದು ನೋಡಿ. ಈ ಕ್ಷೇತ್ರದ ರೂಢಿಯಲ್ಲಿ ಕೊನೆಯ ಹೆಸರು ಪ್ರಯೋಗಾಲಯದ ಮುಖ್ಯಸ್ಥರದು, ಮೊದಲ ಹೆಸರು ಕೆಲಸ ಮಾಡಿದವರದು. ಮೊದಲ ಹೆಸರು ವಿದ್ಯಾರ್ಥಿಗಳದ್ದೇ? ಹಿಂಪಡೆದ ಪ್ರಬಂಧವಿದ್ದರೆ ಪಬ್‌ಮೆಡ್ ಗುರುತು ಹಾಕಿರುತ್ತದೆ, ಅದನ್ನೂ ನೋಡಿ. ಆಮೇಲೆ ಇಬ್ಬರ ಹಳೆಯ ವಿದ್ಯಾರ್ಥಿಗಳಿಗೂ ಫೋನ್ ಮಾಡಿ, ಎಷ್ಟು ವರ್ಷಕ್ಕೆ ಥೀಸಿಸ್ ಮುಗಿಯಿತು ಎಂದು ಕೇಳಿ.