ಪ್ರೋಟೀನ್ ಸಿಮ್ಯುಲೇಶನ್‌ನಲ್ಲಿ ಯಾವ ಲೂಪ್ ಯಾವುದನ್ನು ಎಳೆಯುತ್ತಿದೆ ಅಂತ ಗ್ರೇಂಜರ್ ಪರೀಕ್ಷೆ ಹೇಳಬಲ್ಲದೇ?

ಪ್ರೋಟೀನ್‌ನ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಿದಾಗ ಅದರ ಎರಡು ಲೂಪ್‌ಗಳು, ಅಂದರೆ ಸರಪಳಿಯ ಸಡಿಲ ಬಾಗುಗಳು, ಒಟ್ಟಿಗೆ ಅಲುಗಾಡುತ್ತಿವೆ, ಯಾವುದು ಮೊದಲು ಅಂತ ತಿಳಿಯುತ್ತಿಲ್ಲ ಅಂದಿದ್ದೀರಿ. ಯಾವ ಭಾಗಗಳು ಎಷ್ಟು ಒಟ್ಟಿಗೆ ಚಲಿಸುತ್ತವೆ ಅಂತ ತೋರಿಸುವ ಕೋರಿಲೇಶನ್ ನಕ್ಷೆ ನೋಡಿದರೆ ತಿಳಿಯುವುದೂ ಇಲ್ಲ. ಆ ಕಡೆಯಿಂದ ಓದಿದರೂ ಈ ಕಡೆಯಿಂದ ಓದಿದರೂ ಅಲ್ಲಿರುವುದು ಒಂದೇ ಸಂಖ್ಯೆ.

ಗ್ರೇಂಜರ್ 1969ರಲ್ಲಿ ಅರ್ಥಶಾಸ್ತ್ರದ ಲೆಕ್ಕಗಳಿಗೆ ಅಂತ ತಂದ ಉಪಾಯ ಸರಳ. ಎರಡನೇ ಲೂಪ್ ಮುಂದೆ ಎಲ್ಲಿರುತ್ತದೆ ಅಂತ ಅದರ ಹಿಂದಿನ ಚಲನೆ ನೋಡಿಯೇ ಊಹಿಸಿ. ಆಮೇಲೆ ಮೊದಲನೆಯದರ ಹಿಂದಿನ ಚಲನೆಯನ್ನೂ ಸೇರಿಸಿ ಊಹಿಸಿ. ತಪ್ಪು ಕಡಿಮೆಯಾದರೆ, ಮೊದಲನೆಯದರಲ್ಲಿ ಏನೋ ಸುಳಿವಿದೆ ಅಂತ ಅರ್ಥ. 2000ದಲ್ಲಿ ಶ್ರೈಬರ್ ಕೊಟ್ಟ ಟ್ರಾನ್ಸ್‌ಫರ್ ಎಂಟ್ರೊಪಿ ನೇರ ಗೆರೆಯಲ್ಲಿ ಕೂರದ ಸಂಬಂಧಗಳನ್ನೂ ಹಿಡಿಯುತ್ತದೆ, ಆದರೆ ಅದಕ್ಕೆ ಡೇಟಾ ಜಾಸ್ತಿ ಬೇಕು.

ನಾನು ಮೊದಲು ನೋಡುವುದು ಫ್ರೇಮ್‌ಗಳ, ಅಂದರೆ ಉಳಿಸಿಟ್ಟ ಕ್ಷಣಚಿತ್ರಗಳ, ನಡುವಿನ ಸಮಯದ ಅಂತರ. ಸಿಮ್ಯುಲೇಶನ್ 2 ಫೆಮ್ಟೊಸೆಕೆಂಡ್ ಹೆಜ್ಜೆಯಲ್ಲಿ ಓಡಿದರೂ ನೀವು 100 ಪಿಕೊಸೆಕೆಂಡ್‌ಗೊಮ್ಮೆ ಉಳಿಸಿದ್ದರೆ, ಕೆಲವೇ ಪಿಕೊಸೆಕೆಂಡ್‌ನಲ್ಲಿ ದಾಟಿದ ಪ್ರಭಾವ ಎರಡು ಫ್ರೇಮ್‌ಗಳ ನಡುವೆಯೇ ಕಳೆದುಹೋಗಿರುತ್ತದೆ. ಇಡೀ ಅಣುವಿನ ತಿರುಗಾಟವನ್ನೂ ಮೊದಲೇ ತೆಗೆದುಬಿಡಿ, ಇಲ್ಲದಿದ್ದರೆ ಎಲ್ಲವೂ ಎಲ್ಲಕ್ಕೂ ಕಾರಣದಂತೆ ಕಾಣುತ್ತದೆ. ಡೈಹೆಡ್ರಲ್ ಕೋನ (ಬಂಧದ ಸುತ್ತಲಿನ ತಿರುಚು) ಬಳಸುವುದಾದರೆ ಸೈನ್, ಕೊಸೈನ್ ಮಾಡಿಕೊಳ್ಳಿ. 179 ಡಿಗ್ರಿಯಿಂದ ಮೈನಸ್ 179ಕ್ಕೆ ಹೋಗುವುದು ದೊಡ್ಡ ಜಿಗಿತವಲ್ಲ, ಅಲ್ವಾ?

ಎಲ್ಲ ಜೋಡಿಗಳನ್ನೂ ಪರೀಕ್ಷಿಸುವ ಆಸೆ ಬರುತ್ತದೆ. ಯುಬಿಕ್ವಿಟಿನ್‌ನಂಥ ಚಿಕ್ಕ ಪ್ರೋಟೀನ್‌ನಲ್ಲೇ 76 ಅಮೈನೊ ಆಮ್ಲಗಳು, ದಿಕ್ಕು ಸೇರಿ 5700 ಜೋಡಿಗಳು. p-ಮೌಲ್ಯಕ್ಕೆ 0.05 ಮಿತಿ ಇಟ್ಟರೆ, ನಿಜಕ್ಕೂ ಏನೂ ಇಲ್ಲದಿದ್ದರೂ ‘ಇದು ಅದನ್ನು ಎಳೆಯುತ್ತಿದೆ’ ಅನ್ನುವ ಸರಾಸರಿ 285 ಬಾಣಗಳು ಸುಮ್ನೆ ಮೂಡುತ್ತವೆ! ಹಾಗಾಗಿ ಪರೀಕ್ಷೆಗಳ ಸಂಖ್ಯೆಗೆ ತಕ್ಕಂತೆ ಮಿತಿಯನ್ನು ಬಿಗಿಗೊಳಿಸುವ ತಿದ್ದುಪಡಿ ಕಡ್ಡಾಯ.

ಇನ್ನೊಂದು ತೊಡಕನ್ನು ಹೆಚ್ಚಿನವರು ಗಮನಿಸುವುದಿಲ್ಲ. ಸಮತೋಲನದ ಸಿಮ್ಯುಲೇಶನ್‌ನಲ್ಲಿ ಸ್ಥಾನಗಳ ಕೋರಿಲೇಶನ್ ಕಾಲದಲ್ಲಿ ಮುಂದಕ್ಕೆ ಹೇಗೋ ಹಿಂದಕ್ಕೂ ಹಾಗೇ. ಹಾಗಿದ್ದೂ ಬಾಣ ಒಂದೇ ಕಡೆ ತಿರುಗಿದರೆ, ಹೆಚ್ಚಾಗಿ ಅದು ಎರಡು ಭಾಗಗಳ ವೇಗದ ವ್ಯತ್ಯಾಸವನ್ನು ತೋರಿಸುತ್ತಿರುತ್ತದೆ. ನಿಧಾನ ಅಲುಗುವ ಭಾಗವನ್ನೇ ಯಜಮಾನ ಅಂದುಕೊಳ್ಳುವ ಅಪಾಯ ಇಲ್ಲಿದೆ. ಪರಮಾಣುಗಳಂತೂ ಒಂದನ್ನೊಂದು ಸಮಬಲದಿಂದಲೇ ತಳ್ಳುತ್ತವೆ. ಹಾಗಾಗಿ ನಾನು ವರದಿಯಲ್ಲಿ ‘ಕಾರಣ’ ಅನ್ನುವುದಿಲ್ಲ, ‘ಮುನ್ಸೂಚನೆ’ ಅಂತಲೇ ಬರೆಯುತ್ತೇನೆ.

ಎರಡೂ ಲೂಪ್‌ಗಳನ್ನು ಮೂರನೆಯದೊಂದು ಹೆಲಿಕ್ಸ್ (ಸುರುಳಿಯಾಕಾರದ ಭಾಗ) ಆಡಿಸುತ್ತಿದೆಯೇ ಅನ್ನುವ ಅನುಮಾನವಿದ್ದರೆ, ಆ ಹೆಲಿಕ್ಸ್‌ಗೆ ರಿಸ್ಟ್ರೇಂಟ್ ಹಾಕಿ, ಅಂದರೆ ಅದನ್ನು ಅಲುಗದಂತೆ ಹಿಡಿದಿಟ್ಟು, ಮತ್ತೆ ಓಡಿಸಿ. ಲೂಪ್‌ಗಳ ನಂಟು ಮಾಯವಾದರೆ, ಅದು ಹೆಲಿಕ್ಸ್ ಮೂಲಕ ಸಾಗುತ್ತಿತ್ತು ಅಂತ ಇನ್ನಷ್ಟು ಧೈರ್ಯವಾಗಿ ಹೇಳಬಹುದು.